ಸೈಟ್ ಮಾಡ್ಸಿದ್ವಿ, ಗೂಗಲ್‌ನಲ್ಲಿ ಯಾಕೆ ಬರ್ತಿಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಭಾಗ ಒಂದೇ ವಿಷಯ. ದುಡ್ಡು ಹಾಕಿ ವೆಬ್‌ಸೈಟ್ ಮಾಡ್ಸಿದ್ವಿ, ಹುಡುಕಿದ್ರೆ ಸಿಗ್ತಿಲ್ಲ ಅಂತ. ಅದಕ್ಕೇ ಪ್ರಿಂಟರ್, ಮೊಬೈಲ್ ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇದನ್ನೇ ತಗೊಂಡಿದೀನಿ. ಪತ್ರ ಬರೆದವರ ಹೆಸರು ಬಿಟ್ಟಿದೀನಿ, ಊರು ಮಾತ್ರ ಇದೆ.

ಪ್ರಶ್ನೆ: ಸರ್, ಶಿರಸಿ ಹತ್ರ ನಮ್ಮ ತೋಟದ ಮನೇಲೇ ಹೋಮ್‌ಸ್ಟೇ ಶುರು ಮಾಡಿದೀವಿ. ನಮ್ಮ ಭಾವನ ಮಗ ಇಂಜಿನಿಯರಿಂಗ್ ಓದ್ತಿದಾನೆ, ಅವನೇ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡ್ಕೊಟ್ಟ, ನೋಡೋಕೆ ಚೆನ್ನಾಗೇ ಇದೆ. ನಾಲ್ಕು ತಿಂಗಳಾಯ್ತು, ಗೂಗಲ್‌ನಲ್ಲಿ ನಮ್ಮ ಹೋಮ್‌ಸ್ಟೇ ಹೆಸರೇ ಹಾಕಿದ್ರೂ ಬರಲ್ಲ. ಗೊತ್ತಿರೋ ಎಲ್ಲಾ ವಾಟ್ಸಾಪ್ ಗ್ರೂಪಿಗೂ ಲಿಂಕ್ ಕಳಿಸಿದೀವಿ. ಇನ್ನೇನು ಮಾಡ್ಬೇಕು? (ಶಿರಸಿ)

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ ಮೇಡಂ. ಗೂಗಲ್ ಸರ್ಚ್ ಬಾಕ್ಸಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಟೈಪ್ ಮಾಡಿ, ಕೋಲನ್ ಹಾಕಿ, ಸ್ಪೇಸ್ ಬಿಡದೆ ಪಕ್ಕದಲ್ಲೇ ನಿಮ್ಮ ವೆಬ್‌ಸೈಟ್ ವಿಳಾಸ ಹಾಕಿ ಎಂಟರ್ ಒತ್ತಿ. ನಿಮ್ಮ ಪುಟಗಳು ಸಾಲಾಗಿ ಬಂದ್ರೆ ಗೂಗಲ್ ಲೆಕ್ಕದಲ್ಲಿ ನೀವಿದೀರಿ, ಎಲ್ಲೋ ಕೆಳಗಡೆ ಇದೀರಿ ಅಷ್ಟೆ. ಒಂದೂ ಬರ್ಲಿಲ್ವಾ, ಹಾಗಾದ್ರೆ ಬಹುಶಃ ಲೆಕ್ಕದಲ್ಲೇ ಇಲ್ಲ. ಇವೆರಡೂ ಬೇರೆ ಬೇರೆ ಸಮಸ್ಯೆ, ಆದ್ರೆ ನನಗೆ ಬರೋ ಪತ್ರಗಳಲ್ಲಿ ಎಲ್ರೂ ಎರಡನ್ನೂ ಕಲಸಿಬಿಟ್ಟಿರ್ತಾರೆ, ಲೆಕ್ಕದಲ್ಲೇ ಇಲ್ದಿರೋ ಸೈಟಿಗೆ ಮೇಲಕ್ಕೆ ತರೋ ಪ್ಯಾಕೇಜ್ ತಗೊಂಡು ಕೂತಿರ್ತಾರೆ. ಮನೆ ಕಟ್ಟಿ ಗೃಹಪ್ರವೇಶ ಮಾಡಿದ ಮಾತ್ರಕ್ಕೆ ಪಂಚಾಯ್ತಿ ರಿಜಿಸ್ಟರಲ್ಲಿ ನಂಬರ್ ಬೀಳಲ್ವಲ್ಲ, ಇದೂ ಹಂಗೇ.

ಕೆಲಸ ನಡೆಯೋದು ಹೀಗೆ. ಗೂಗಲ್‌ಬಾಟ್ ಅನ್ನೋ ಒಂದು ಪ್ರೋಗ್ರಾಂ ಇದೆ, ಅದು ಇಂಟರ್ನೆಟ್‌ನಲ್ಲಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕ್ ಹಿಡ್ಕೊಂಡು ಹೋಗ್ತಾ ಇರತ್ತೆ, ಸಿಕ್ಕಿದ ಪುಟಾನ ಓದಿ, ಯೋಗ್ಯ ಅನ್ಸಿದ್ರೆ ತನ್ನ ಇಂಡೆಕ್ಸ್‌ಗೆ ಸೇರಿಸ್ಕೊಳತ್ತೆ, ಯಾರಾದ್ರೂ ಹುಡುಕಿದಾಗ ಆ ಇಂಡೆಕ್ಸ್‌ನಿಂದ ತೆಗೆದು ತೋರಿಸತ್ತೆ. ಅಂದ್ರೆ ನಾವು ಹುಡುಕೋದು ಇಂಟರ್ನೆಟ್‌ನಲ್ಲಲ್ಲ, ಗೂಗಲ್ ಮುಂಚೆನೇ ಬರೆದಿಟ್ಟಿರೋ ಪಟ್ಟಿಯಲ್ಲಿ. ವಾಟ್ಸಾಪ್ ಗ್ರೂಪಿಗೆ ಕಳ್ಸಿದ ಲಿಂಕ್ ಅದರ ಕಣ್ಣಿಗೆ ಬೀಳಲ್ಲ, ಅದು ನಿಮ್ಮ ನಿಮ್ಮೊಳಗಿನ ಮಾತು. ಗ್ರೂಪಿನವರು ಒಂದು ದಿನ ಲೈಕ್ ಒತ್ತಿ ಸುಮ್ಮನಾದ್ರು, ಗೂಗಲ್‌ಗೆ ಸುದ್ದಿನೇ ಮುಟ್ಲಿಲ್ಲ.

ಆದ್ರೆ ನಾಲ್ಕು ತಿಂಗಳಾದ್ರೂ ಹೋಮ್‌ಸ್ಟೇ ಹೆಸರಿಗೂ ಬರ್ತಿಲ್ಲ ಅಂದ್ರೆ ನನಗೆ ಬೇರೆ ಒಂದು ಅನುಮಾನ. ವರ್ಡ್‌ಪ್ರೆಸ್‌ಗೆ ಲಾಗಿನ್ ಆಗಿ, ಎಡಗಡೆ ಸೆಟ್ಟಿಂಗ್ಸ್, ಅದರೊಳಗೆ ರೀಡಿಂಗ್ ಒತ್ತಿ. ಆ ಪುಟದ ಕೊನೇಲಿ ಒಂದು ಟಿಕ್ ಬಾಕ್ಸ್ ಇದೆ, ಡಿಸ್ಕರೇಜ್ ಸರ್ಚ್ ಇಂಜಿನ್ಸ್ ಫ್ರಂ ಇಂಡೆಕ್ಸಿಂಗ್ ದಿಸ್ ಸೈಟ್ ಅಂತ. ಸೈಟ್ ಕಟ್ಟೋವಾಗ ಅರ್ಧಂಬರ್ಧ ಪುಟಗಳು ಹೊರಗೆ ಕಾಣದಿರ್ಲಿ ಅಂತ ಹುಡುಗರು ಅದಕ್ಕೆ ಟಿಕ್ ಹಾಕಿರ್ತಾರೆ, ಕೆಲಸ ಮುಗಿದ್ಮೇಲೆ ತೆಗೆಯೋದು ಮರ್ತುಹೋಗಿರತ್ತೆ. ಟಿಕ್ ಇದ್ರೆ ಪ್ರತಿ ಪುಟದ ಒಳಗೂ ನೋಇಂಡೆಕ್ಸ್ ಅನ್ನೋ ಒಂದು ಸಾಲು ಸೇರ್ಕೊಂಡಿರತ್ತೆ, ಜನರಿಗೆ ಕಾಣಲ್ಲ, ಗೂಗಲ್‌ಗೆ ಕಾಣತ್ತೆ, ಅದು ಮರ್ಯಾದೆಯಿಂದ ವಾಪಸ್ ಹೋಗತ್ತೆ. ಸೈಟ್ ಚೆನ್ನಾಗಿದೆ ಅಂತ ಎಲ್ರೂ ಹೊಗಳ್ತಿರ್ತಾರೆ, ಬಾಗಿಲಿಗೆ ಒಳಗಿಂದ ಚಿಲಕ ಹಾಕಿರೋದು ಯಾರಿಗೂ ಗೊತ್ತಿರಲ್ಲ. ಟಿಕ್ ತೆಗೆದು ಸೇವ್ ಮಾಡಿ. ಪಾಪ ಹುಡುಗನ್ನ ಬೈಬೇಡಿ, ದೊಡ್ಡ ದೊಡ್ಡ ಕಂಪನಿಗಳ ಸೈಟಲ್ಲೂ ಇದೇ ಆಗಿರತ್ತೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ಹೋಗಿ. 2015ರವರೆಗೂ ಇದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್ ಅಂತಿತ್ತು, ಹಳೇ ಯೂಟ್ಯೂಬ್ ವಿಡಿಯೋಗಳಲ್ಲಿ ಆ ಹೆಸರೇ ಇರತ್ತೆ, ಗಾಬರಿಯಾಗ್ಬೇಡಿ. ಪೂರ್ತಿ ಫ್ರೀ, ಜಿಮೇಲ್ ಇದ್ರೆ ಸಾಕು. ಸೈಟ್ ನಿಮ್ಮದೇ ಅಂತ ಪ್ರೂವ್ ಮಾಡೋಕೆ ಅದು ಒಂದು ಕೋಡ್ ಕೊಡತ್ತೆ, ಅದನ್ನ ಡೊಮೇನ್, ಅಂದ್ರೆ ಸೈಟಿನ ಹೆಸರು, ತಗೊಂಡ ಕಡೆ ಡಿಎನ್‌ಎಸ್ ಸೆಟ್ಟಿಂಗಲ್ಲಿ ಹಾಕ್ಬೇಕು, ಇಲ್ಲಾಂದ್ರೆ ಅದು ಕೊಡೋ ಸಣ್ಣ ಫೈಲನ್ನ ಸೈಟಿಗೆ ಅಪ್‌ಲೋಡ್ ಮಾಡ್ಬೇಕು. ಈ ಕೆಲಸ ಹುಡುಗನ ಕೈಲಿ ಮಾಡ್ಸಿ, ಆದ್ರೆ ನಿಮ್ಮ ಜಿಮೇಲ್‌ನಿಂದ್ಲೇ ಮಾಡ್ಸಿ. ಅವನು ನಾಳೆ ಓದು ಮುಗಿಸಿ ಎಲ್ಲೋ ಕೆಲಸಕ್ಕೆ ಹೋಗ್ತಾನೆ, ಪಾಸ್‌ವರ್ಡಿಗೋಸ್ಕರ ಅವನಿಗೆ ಫೋನ್ ಮಾಡ್ತಾ ಕೂರೋ ಗತಿ ಬೇಡ.

ಕನ್ಸೋಲ್ ಒಳಗೆ ಎರಡೇ ಕೆಲಸ. ಸೈಟ್‌ಮ್ಯಾಪ್ ಅಂತ ಒಂದು ಜಾಗ ಇದೆ, ಅಲ್ಲಿ ನಿಮ್ಮ ಸೈಟ್‌ಮ್ಯಾಪ್ ವಿಳಾಸ ಕೊಡಿ. ಸೈಟ್‌ಮ್ಯಾಪ್ ಅಂದ್ರೆ ನಿಮ್ಮ ಎಲ್ಲಾ ಪುಟಗಳ ಪಟ್ಟಿ ಇರೋ ಫೈಲು, ವರ್ಡ್‌ಪ್ರೆಸ್ 5.5ರಿಂದ, ಅಂದ್ರೆ 2020ರಿಂದ, ತಾನಾಗೇ ಮಾಡಿಡತ್ತೆ, ನಿಮ್ಮ ವಿಳಾಸದ ಕೊನೇಲಿ ಸ್ಲ್ಯಾಶ್ ಹಾಕಿ ಡಬ್ಲ್ಯೂಪಿ ಹೈಫನ್ ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಂಎಲ್ ಹಾಕಿದ್ರೆ ತೆರ್ಕೊಳತ್ತೆ. ಮೇಲಿನ ಟಿಕ್ ಇದ್ದಾಗ ಇದೂ ಸಿಗಲ್ಲ, ಹಾಗಾಗಿ ಅದನ್ನ ಮೊದಲು ತೆಗೀರಿ. ಎರಡನೇದು, ಮೇಲಿರೋ ಹುಡುಕೋ ಪಟ್ಟಿಯಲ್ಲಿ ನಿಮ್ಮ ಮುಖಪುಟದ ವಿಳಾಸ ಹಾಕಿ, ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಿ. ಒಂದು ಸಲ ಸಾಕು, ಅದೇ ಪುಟಕ್ಕೆ ದಿನಾ ಒತ್ತಿದ್ರೆ ಬೇಗ ಆಗಲ್ಲ ಅಂತ ಗೂಗಲ್‌ನವರೇ ಬರೆದಿದಾರೆ. ಕೆಲವು ದಿನದಿಂದ ಕೆಲವು ವಾರ ಹಿಡಿಯತ್ತೆ.

ಇನ್ನು ಪುಟದ ಒಳಗೆ ಏನಿದೆ ಅನ್ನೋದು. ರೂಮ್ ರೇಟು, ಊಟದ ವಿವರ, ದಾರಿ ಎಲ್ಲ ಒಂದು ಚಂದದ ಪೋಸ್ಟರ್ ಮಾಡಿ ಫೋಟೋ ಥರ ಹಾಕಿರ್ತಾರೆ ಸಾಮಾನ್ಯವಾಗಿ. ಫೋಟೋದೊಳಗಿನ ಅಕ್ಷರಾನ ನಂಬ್ಕೊಂಡು ಕೂರ್ಬೇಡಿ, ಅದೇ ವಿವರ ಕೆಳಗೆ ಟೈಪ್ ಮಾಡಿ ಹಾಕಿ. ಮತ್ತೆ ಬರೋ ಗೆಸ್ಟ್‌ಗಳು ಫೋನಲ್ಲಿ ಏನೇನು ಕೇಳ್ತಾರೆ ಅಂತ ಒಂದು ವಾರ ಬರೆದಿಟ್ಕೊಳ್ಳಿ. ನಿಮ್ಮಲ್ಲಿಂದ ಯಾಣಕ್ಕೆ ಎಷ್ಟು ದೂರ, ಸಹಸ್ರಲಿಂಗಕ್ಕೆ ಮಳೆಗಾಲದಲ್ಲಿ ಹೋಗ್ಬಹುದಾ, ಬನವಾಸಿ ನೋಡಿ ಅದೇ ದಿನ ವಾಪಸ್ ಬರೋಕಾಗತ್ತಾ, ಮಾರಿಕಾಂಬಾ ಜಾತ್ರೆ ಟೈಮಲ್ಲಿ ರೂಮ್ ಸಿಗತ್ತಾ. ಈ ಪ್ರಶ್ನೆಗಳನ್ನೇ ಜನ ಗೂಗಲ್‌ಗೂ ಕೇಳೋದು. ಅವಕ್ಕೆ ನಿಮ್ಮ ಮಾತಲ್ಲೇ ಉತ್ತರ ಬರೀರಿ, ಕನ್ನಡದಲ್ಲೂ ಇಂಗ್ಲಿಷಲ್ಲೂ. ನಿಮ್ಮೂರ ಹೆಸರನ್ನ ಇಂಗ್ಲಿಷಲ್ಲಿ ಕೆಲವರು ಎಸ್ ಹಾಕಿ ಸಿರ್ಸಿ ಅಂತಾರೆ, ಕೆಲವರು ಎಸ್ಸು ಎಚ್ಚು ಹಾಕಿ ಶಿರ್ಸಿ ಅಂತಾರೆ, ಎರಡೂ ಒಂದೊಂದು ಕಡೆ ಸಹಜವಾಗಿ ಬರ್ಲಿ. ತಾಲ್ಲೂಕಿನ ಬೇರೆ ಯಾವ್ದಾದ್ರೂ ಸೈಟು, ನಿಮ್ಮಲ್ಲಿ ಉಳ್ಕೊಂಡು ಹೋದ ಚಾರಣದವರ ಸೈಟು, ಹೋಮ್‌ಸ್ಟೇ ಮಾಲೀಕರ ಸಂಘದ ಸೈಟು ಇದ್ರೆ ಅದರಲ್ಲಿ ಒಂದು ಲಿಂಕ್ ಹಾಕಿ ಅಂತ ಕೇಳಿ. ಗೂಗಲ್‌ಬಾಟ್ ಆ ದಾರಿಯಿಂದ ನಿಮ್ಮ ಮನೆಗೆ ಬರತ್ತೆ.

ಪ್ರಶ್ನೆ: ಸರ, ನಮ್ದು ಇಳಕಲ್ ಸೀರಿ ಅಂಗಡಿ ಐತ್ರಿ, ವೆಬ್‌ಸೈಟೂ ಐತಿ. ಮೊನ್ನೆ ಗೂಗಲ್‌ನಿಂದ ಮಾತಾಡಾಕತ್ತೇವಿ ಅಂತ ಒಬ್ರು ಫೋನ್ ಹಚ್ಚಿದ್ರು. ವರ್ಷಕ್ಕ ಹದಿನೆಂಟು ಸಾವಿರ ಕೊಟ್ರ ಫಸ್ಟ್ ಪೇಜಿನ್ಯಾಗ ಒಂದನೇ ನಂಬರಿಗೆ ತರ್ತೀವಿ, ನೂರಕ್ಕ ನೂರು ಗ್ಯಾರಂಟಿ ಅಂದ್ರು. ಕೊಡ್ಲೋ ಬ್ಯಾಡೋ? (ಇಳಕಲ್)

ಉತ್ತರ: ಬ್ಯಾಡ್ರಿ. ಪಟ್ಟಿಗೆ ಸೇರಿಸೋಕೆ, ಪಟ್ಟಿಯಲ್ಲಿ ಮೇಲೆ ತರೋಕೆ ಗೂಗಲ್ ಯಾರ ಹತ್ರನೂ ದುಡ್ಡು ತಗೊಳಲ್ಲ. ಒಂದನೇ ಜಾಗ ಯಾರೂ ಗ್ಯಾರಂಟಿ ಕೊಡೋಕಾಗಲ್ಲ ಅಂತ ಗೂಗಲ್‌ನ ಸಹಾಯ ಪುಟದಲ್ಲೇ ಇದೆ. ದುಡ್ಡು ಕೊಟ್ಟು ಬರೋದು ಜಾಹೀರಾತು, ಅದರ ಮೇಲೆ ಸ್ಪಾನ್ಸರ್ಡ್ ಅಂತ ಬರೆದಿರತ್ತೆ, ದುಡ್ಡು ನಿಲ್ಸಿದ ದಿನ ಅದೂ ನಿಲ್ಲತ್ತೆ.

ಇವರ ಗ್ಯಾರಂಟಿ ಹೇಗೆ ನಡೆಯತ್ತೆ ಹೇಳ್ತೀನಿ ಕೇಳಿ. ನಿಮ್ಮ ಅಂಗಡಿ ಹೆಸರು, ಬೀದಿ, ಊರು ಎಲ್ಲ ಸೇರಿಸಿ ಉದ್ದಕ್ಕೆ ಹುಡುಕಿ ತೋರಿಸ್ತಾರೆ, ನೀವೇ ಮೊದಲು ಬರ್ತೀರಿ, ಯಾಕಂದ್ರೆ ಆ ಹೆಸರಿನ ಅಂಗಡಿ ಜಗತ್ತಲ್ಲಿ ಇನ್ನೊಂದಿಲ್ಲ. ಕೊಳ್ಳೋಕೆ ಬರೋ ಹೆಣ್ಮಕ್ಕಳು ಹುಡುಕೋದು ನಿಮ್ಮ ಹೆಸರನ್ನಲ್ಲ, ಟೋಪ್ ತೆನಿ ಸೆರಗಿನ ಸೀರೆ ಎಲ್ಲಿ ಸಿಗತ್ತೆ, ಅಪ್ಪಟ ರೇಷ್ಮೆ ಸೆರಗು ಹೌದೋ ಅಲ್ವೋ ಹೇಗೆ ನೋಡೋದು, ಮದ್ವೆಗೆ ಕಸೂತಿ ಹಾಕ್ಸಿದ್ದು ಎಷ್ಟಾಗತ್ತೆ, ಇಂಥವು. ಅದಕ್ಕೆ ನಿಮ್ಮ ಸೈಟಲ್ಲಿ ಉತ್ತರ ಇದ್ಯಾ? ಸೀರೆ ಫೋಟೋ ಕೆಳಗೆ ಬರೀ ಒಂದು ಐಟಂ ನಂಬರ್ ಇದ್ರೆ ಗೂಗಲ್ ಏನು ಅಂತ ತಿಳ್ಕೊಳತ್ತೆ. ಯಾವ ನೂಲು, ಎಷ್ಟು ಮೊಳ, ಸೆರಗು ಒಡಲು ಕೊಂಡಿ ಹಾಕಿ ಜೋಡಿಸಿದ್ದಾ, ಕೈಮಗ್ಗನಾ ಪವರ್‌ಲೂಮಾ ಅಂತ ಬರೀರಿ. ಅಂಗಡಿಗೆ ಬಂದ ಗಿರಾಕಿಗೆ ಬಾಯಲ್ಲಿ ಹೇಳೋದನ್ನೇ ಬರೆದ್ರೆ ಸಾಕು.

ಅಡ್ಡದಾರಿ ಹಿಡಿದವರ ಕಥೆನೂ ಇದೆ. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನಿ ಸೈಟನ್ನೇ ಗೂಗಲ್ ಪಟ್ಟಿಯಿಂದ ಕಿತ್ತಾಕ್ತು. ಗೂಗಲ್‌ಬಾಟ್‌ಗೆ ಒಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸ್ತಿದ್ರು, ಅದು ಸಿಕ್ಕಿಬಿತ್ತು, ಅವರು ಆ ಪುಟಗಳನ್ನ ತೆಗೆದ್ಮೇಲೆ ವಾಪಸ್ ಸೇರಿಸ್ಕೊಂಡ್ರು. 2011ರಲ್ಲಿ ಅಮೆರಿಕದ ಜೆಸಿ ಪೆನ್ನಿ ಅನ್ನೋ ದೊಡ್ಡ ಅಂಗಡಿ ಸರಣಿ, ಸಂಬಂಧನೇ ಇಲ್ಲದ ನೂರಾರು ಸೈಟುಗಳಿಂದ ಅವರ ಪುಟಗಳಿಗೆ, ಮೇಲೆ ಬರೋಕೆ ಅಂತ ದುಡ್ಡು ಕೊಟ್ಟು ಹಾಕಿಸಿದ ಸಾವಿರಾರು ಲಿಂಕ್ ಇರೋದನ್ನ ನ್ಯೂಯಾರ್ಕ್ ಟೈಮ್ಸ್ ಬರೀತು, ಮೇಲಿದ್ದವರು ದಬಕ್ಕಂತ ಕೆಳಗೆ ಬಿದ್ರು. ಮರು ವರ್ಷ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನೋ ಬದಲಾವಣೆ ತಂದು ಈ ಥರ ಲಿಂಕ್ ವ್ಯಾಪಾರ ಮಾಡಿದವರನ್ನೆಲ್ಲ ಗೂಗಲ್ ಕೆಳಗೆ ತಳ್ತು. ಅಷ್ಟು ದೊಡ್ಡವರಿಗಾದ್ರೆ ಸರಿ, ತಡ್ಕೋತಾರೆ. ನಿಮಗೆ ಫೋನ್ ಹಚ್ಚಿದವ್ರೂ ಹದಿನೆಂಟು ಸಾವಿರಕ್ಕೆ ಇದೇ ಸಾಮಾನು ಮಾರೋದು, ಸೈಟ್ ಬಿದ್ದ ದಿನ ಆ ನಂಬರ್ ಸ್ವಿಚ್ ಆಫ್ ಆಗಿರತ್ತೆ.

ಅಂಗಡಿಗೆ ನಿಜವಾಗ್ಲೂ ಬೇಕಾಗಿರೋದು ಇನ್ನೊಂದಿದೆ, ಗೂಗಲ್ ಬಿಸಿನೆಸ್ ಪ್ರೊಫೈಲ್. ಮ್ಯಾಪಲ್ಲಿ ಅಂಗಡಿ ಹೆಸರು, ಫೋನು, ಟೈಮು, ಫೋಟೋ ಬರತ್ತಲ್ಲ ಅದು. ಇದೂ ಫ್ರೀ. ವೆರಿಫೈ ಮಾಡೋಕೆ ಸಾಮಾನ್ಯವಾಗಿ ಅಂಗಡಿ ಬೋರ್ಡು, ಒಳಗಡೆ, ಬೀದಿ ಎಲ್ಲ ಕಾಣೋ ಹಾಗೆ ವಿಡಿಯೋ ಕೇಳ್ತಾರೆ. ಇದು ವೆಬ್‌ಸೈಟ್ ಪಟ್ಟಿಗಿಂತ ಬೇರೆನೇ ಲೆಕ್ಕ, ಆದ್ರೆ ಬಾದಾಮಿ ಐಹೊಳೆ ನೋಡೋಕೆ ಬಂದವರು ಕಾರಲ್ಲಿ ಕೂತ್ಕೊಂಡು ಹುಡುಕೋದು ಇಲ್ಲೇ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಉಪನ್ಯಾಸಕ. 2003ರಿಂದ ಬರೆದ ಲೇಖನಗಳು, ಜಿಲ್ಲೆಯ ಶಾಸನಗಳ ಟಿಪ್ಪಣಿಗಳು ಎಲ್ಲವನ್ನೂ ಒಂದು ಸೈಟಿನಲ್ಲಿ ಹಾಕಿದ್ದೇನೆ. ಸೈಟಿನ ಇಂಗ್ಲಿಷ್ ಪುಟ ಗೂಗಲ್‌ನಲ್ಲಿ ಬರುತ್ತದೆ. ಕನ್ನಡ ಲೇಖನಗಳ ಸಾಲನ್ನೇ ಹಾಕಿ ಹುಡುಕಿದರೂ ಒಂದೂ ಬರುವುದಿಲ್ಲ. ಕನ್ನಡವನ್ನು ಗೂಗಲ್ ಕಡೆಗಣಿಸುತ್ತಿದೆಯೇ? (ಹಾಸನ)

ಉತ್ತರ: ಸರ್, ಗೂಗಲ್ ಮೇಲೆ ಬೇರೆ ದೂರು ಎಷ್ಟಾದ್ರೂ ಹೇಳ್ಬಹುದು, ಇದರಲ್ಲಿ ಮಾತ್ರ ಅದರ ತಪ್ಪಿಲ್ಲ. ನೀವು ಸೈಟಿನ ವಿಳಾಸ ಕಳ್ಸಿದ್ರಿಂದ ತೆರೆದು ನೋಡ್ದೆ. ಒಂದು ಲೇಖನದಿಂದ ನಾಲ್ಕು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದ್ರೆ ಕನ್ನಡ ಬರ್ಲೇ ಇಲ್ಲ. ಕನ್ನಡ ಅನ್ನೋ ಪದ ಇದ್ದ ಜಾಗದಲ್ಲಿ ಒಂದು ದೊಡ್ಡ ಪಿ, ತಲೆ ಮೇಲೆ ಗೀಟಿರೋ ಎ, ಒಂದು ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಮಧ್ಯದಲ್ಲಿ ಒಂದು ಜರ್ಮನ್ ಅಕ್ಷರ, ಒಂದು ಸಣ್ಣ ಕ್ಯೂ. ನಿಮ್ಮ ಲೇಖನಗಳೆಲ್ಲ ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಕಾಲದ ಆಸ್ಕಿ ಫಾಂಟಲ್ಲಿವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ಆಕಾರ ಕೂರಿಸಿದಂಥವು, ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಒಳಗೆ ಮಾತ್ರ ಅದು ಪಿ ಮತ್ತು ಪೌಂಡು. ನಿಮ್ಮ ಸೈಟು ಫಾಂಟನ್ನ ಜೊತೆಲೇ ಕಳಿಸೋದ್ರಿಂದ ನಿಮ್ಮ ಕಣ್ಣಿಗೆ ಸರಿಯಾಗೇ ಕಾಣತ್ತೆ. ಗೂಗಲ್‌ಗೆ ಕಣ್ಣಿಗಿಂತ ಒಳಗಿನ ಕೋಡ್ ಮುಖ್ಯ. ಓದುಗರು ಹುಡುಕೋದು ಯೂನಿಕೋಡ್ ಕನ್ನಡದಲ್ಲಿ, ಅಂದ್ರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಕೋಡ್ ಇರೋ ಪದ್ಧತಿಯಲ್ಲಿ, ನಿಮ್ಮಲ್ಲಿರೋದು ಈ ಪೌಂಡಿನ ಸಾಲು, ಎರಡೂ ಎಲ್ಲಿ ಕೂಡ್ಬೇಕು.

ಆವಾಗ ಬೇರೆ ದಾರಿನೂ ಇರ್ಲಿಲ್ಲ ಬಿಡಿ. ಯೂನಿಕೋಡಲ್ಲಿ ಕನ್ನಡಕ್ಕೆ ಜಾಗ 1991ರ ಮೊದಲ ಆವೃತ್ತಿಯಲ್ಲೇ ಇತ್ತು, ಆದ್ರೆ ಮಾಮೂಲಿ ಕಂಪ್ಯೂಟರಲ್ಲಿ ಒತ್ತಕ್ಷರ ಸರಿಯಾಗಿ ಮೂಡೋಕೆ ಇನ್ನೂ ಎಷ್ಟೋ ವರ್ಷ ಹಿಡೀತು, ಪತ್ರಿಕೆಗಳ ಸೈಟುಗಳೂ ಆಗ ಫಾಂಟ್ ಇಳಿಸ್ಕೊಂಡೇ ಓದ್ಬೇಕಿತ್ತು. ಆ ಕಾಲದಲ್ಲಿ ಬರೆದ ರಾಶಿ ರಾಶಿ ಕನ್ನಡ ಇವತ್ತಿಗೂ ಹೀಗೇ ಬಿದ್ದಿದೆ, ಯಾರ ಹುಡುಕಾಟಕ್ಕೂ ಸಿಗಲ್ಲ. ನನಗೆ ಕೇಳಿದ್ರೆ ಕನ್ನಡದ ಹೆಸರಲ್ಲಿ ನಡೆಯೋ ಎಷ್ಟೋ ಕಾರ್ಯಕ್ರಮಕ್ಕಿಂತ ಇದನ್ನ ಬದಲಾಯಿಸೋ ಕೆಲಸ ಮೊದಲು ಆಗ್ಬೇಕು.

ಮಾಡೋದು ಹೇಗೆ ಅಂದ್ರೆ, ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳಿವೆ, ಬರಹ ಸಾಫ್ಟ್‌ವೇರಲ್ಲೇ ಇದೆ, ಆನ್‌ಲೈನಲ್ಲೂ ಫ್ರೀಯಾಗಿ ಸಿಗತ್ತೆ. ಇಡೀ ಲೇಖನ ಹಾಕಿ ಒಂದು ಬಟನ್ ಒತ್ತಿದ್ರೆ ಆಯ್ತು, ಆದ್ರೆ ಆಮೇಲೆ ಒಂದು ಸಲ ಕಣ್ಣಾಡಿಸ್ಲೇಬೇಕು. ಅರ್ಕಾವೊತ್ತು ಜಾಗ ಬಿಟ್ಟು ಕೂತಿರತ್ತೆ, ಮಧ್ಯದಲ್ಲಿ ಇಂಗ್ಲಿಷ್ ಪದ ಇದ್ರೆ ಅದೂ ಕನ್ನಡ ಅಂದ್ಕೊಂಡು ಅರ್ಥವಿಲ್ಲದ ಅಕ್ಷರ ಆಗಿರತ್ತೆ. ನಿಮ್ಮದು ಶಾಸನದ ಪಾಠ ಬೇರೆ, ಱ ಮತ್ತು ೞ ಇರೋ ಕಡೆ ನೀವೇ ಕೂತು ನೋಡ್ಬೇಕು, ಬೇರೆಯವರಿಗೆ ವಹಿಸ್ಬೇಡಿ. ಎಲ್ಲಾನೂ ಒಟ್ಟಿಗೆ ಮಾಡೋಕೆ ಹೋದ್ರೆ ಬೇಜಾರಾಗತ್ತೆ, ಶಾಸನದ ಟಿಪ್ಪಣಿಗಳಿಂದ ಶುರು ಮಾಡಿ, ಅದು ಬೇರೆಲ್ಲೂ ಸಿಗದ ಸಾಮಾನು, ನಿಮ್ಮೂರ ದೇವಸ್ಥಾನದ ಹೆಸರು ಹಾಕಿ ಹುಡುಕಿದವರಿಗೆ ನಿಮ್ಮ ಪುಟ ಬರೋದು ಕಷ್ಟ ಏನಲ್ಲ.

ಇನ್ನೊಂದು ಸಣ್ಣ ವಿಷಯ, ಹೊಸ ಪುಟಗಳ ವಿಳಾಸ ಕನ್ನಡದಲ್ಲೇ ಇರ್ಬಹುದಾ ಅಂತ ಕೊನೇಲಿ ಕೇಳಿದೀರಿ. ಇರ್ಬಹುದು, ಗೂಗಲ್‌ಗೆ ತೊಂದ್ರೆ ಇಲ್ಲ. ಆದ್ರೆ ಅದನ್ನ ಕಾಪಿ ಮಾಡಿ ಮೆಸೇಜಲ್ಲಿ ಕಳ್ಸಿದ್ರೆ ಒಂದೊಂದು ಅಕ್ಷರವೂ ಒಂಬತ್ತು ಇಂಗ್ಲಿಷ್ ಚಿಹ್ನೆಯಾಗಿ ಬಿಚ್ಕೊಳತ್ತೆ, ಕ ಅಂತ ಬರೆದ್ರೆ ಪರ್ಸೆಂಟ್ ಇ0, ಪರ್ಸೆಂಟ್ ಬಿ2, ಪರ್ಸೆಂಟ್ 95. ಒಂದು ಶೀರ್ಷಿಕೆ ನಾಲ್ಕು ಸಾಲಾಗತ್ತೆ, ನೋಡಿದವರು ವೈರಸ್ ಅಂತ ಹೆದರ್ತಾರೆ. ಶೀರ್ಷಿಕೆ ಕನ್ನಡದಲ್ಲಿಡಿ, ವಿಳಾಸ ಚಿಕ್ಕದಾಗಿ ಇಂಗ್ಲಿಷಲ್ಲಿಡಿ.

ಪ್ರಶ್ನೆ: ಸೈಟಿನ ಕೋಡ್ ಒಳಗೆ ಮೆಟಾ ಕೀವರ್ಡ್ ಅಂತ ಐವತ್ತು ಪದ ಹಾಕಿದ್ರೆ ಬೇಗ ಲಿಸ್ಟ್ ಆಗತ್ತಂತೆ, ಹೌದಾ? (ತುಮಕೂರು)

ಉತ್ತರ: ಇಲ್ಲ. ತೊಂಬತ್ತರ ದಶಕದ ಸರ್ಚ್ ಇಂಜಿನ್‌ಗಳು ಅದನ್ನ ನೋಡ್ತಿದ್ವು, ಜನ ಸಂಬಂಧವಿಲ್ಲದ ಪದ ತುಂಬಿಸಿ ತುಂಬಿಸಿ ಅದನ್ನ ಕೆಡಿಸಿದ್ರು. ನಾವು ಅದನ್ನ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. ಇನ್ನೂ ಅದನ್ನ ಕಲಿಸ್ತಿರೋ ಕೋರ್ಸಿಗೆ ಫೀಸ್ ಕಟ್ಟಿದ್ರೆ ವಾಪಸ್ ಕೇಳಿ. ಪುಟದ ಟೈಟಲ್ ಮಾತ್ರ ಚೆನ್ನಾಗಿ ಬರೀರಿ, ಎಷ್ಟೋ ಸೈಟಲ್ಲಿ ಎಲ್ಲಾ ಪುಟದ ಟೈಟಲ್ಲೂ ಹೋಂ ಅಂತಲೇ ಇರತ್ತೆ.

ಪ್ರಶ್ನೆ: ಕೆಪಿಎಸ್‌ಸಿ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದೋರಿಗೆ ನೋಟ್ಸ್ ಸೈಟ್ ಮಾಡಿದೀನಿ ಅಣ್ಣ. 600 ಪುಟ ಇದೆ, ಸರ್ಚ್ ಕನ್ಸೋಲಲ್ಲಿ ನೋಡಿದ್ರೆ 570 ಪುಟದ ಮುಂದೆ ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್ ಅಂತ ಬರ್ತಿದೆ. ನೋಇಂಡೆಕ್ಸ್ ಎಲ್ಲ ಚೆಕ್ ಮಾಡಿದೀನಿ, ಏನೂ ಇಲ್ಲ. (ವಿಜಯಪುರ)

ಉತ್ತರ: ಸ್ವಲ್ಪ ಬೇಜಾರಿನ ಉತ್ತರ ತಮ್ಮಾ. ಅದರರ್ಥ ಗೂಗಲ್ ಬಂತು, ಓದ್ತು, ಸದ್ಯಕ್ಕೆ ಬೇಡ ಅಂತ ಬಿಟ್ಟು ಹೋಯ್ತು ಅಂತ. ಸೆಟ್ಟಿಂಗ್ ತಪ್ಪಲ್ಲ, ಸಾಮಾನೇ ಅದಕ್ಕೆ ಹಿಡಿಸಿಲ್ಲ. ಎಲ್ಲಾ ಪುಟಾನೂ ಇಂಡೆಕ್ಸ್ ಮಾಡ್ತೀವಿ ಅಂತ ಅವರು ಯಾವತ್ತೂ ಮಾತು ಕೊಟ್ಟಿಲ್ಲ. ಇದರ ಪಕ್ಕದಲ್ಲೇ ಡಿಸ್ಕವರ್ಡ್ ಅಂತ ಶುರುವಾಗೋ ಇನ್ನೊಂದು ಸಾಲಿರತ್ತೆ, ಅದಾದ್ರೆ ವಿಳಾಸ ಗೊತ್ತು, ಇನ್ನೂ ಬಂದು ಓದಿಲ್ಲ ಅಂತ, ಅದಕ್ಕೆ ಕಾಯ್ಬಹುದು. ನಿನ್ನದು ಕಾಯೋ ಕೇಸಲ್ಲ.

ನೀನು ಕಳಿಸಿದ ಪುಟಗಳನ್ನ ನೋಡ್ದೆ. ಕರ್ನಾಟಕದ ಪ್ರಮುಖ ನದಿಗಳು ಅನ್ನೋ ಪುಟದ ಎರಡು ಸಾಲು ತೆಗೆದು ಕೋಟ್ ಹಾಕಿ ಹುಡುಕಿದ್ರೆ ಅದೇ ಸಾಲು, ಅದೇ ಕಾಗುಣಿತದ ತಪ್ಪಿನ ಸಮೇತ, ಇನ್ನೂ ಹಲವಾರು ಸೈಟಲ್ಲಿದೆ. ಯಾರು ಯಾರಿಂದ ಕಾಪಿ ಹೊಡೆದ್ರೋ ಆ ದೇವ್ರಿಗೇ ಗೊತ್ತು. ಗೂಗಲ್ ಅದ್ರಲ್ಲಿ ಒಂದೆರಡು ಇಟ್ಕೊಂಡು ಮಿಕ್ಕಿದ್ದು ಬಿಡತ್ತೆ. ಇನ್ನು ಕೆಲವು ಪುಟಗಳು ಎಐ ಕೈಲಿ ಒಂದೇ ರಾತ್ರಿ ಬರ್ಸಿದಂಗಿದೆ, ಎಲ್ಲಾ ಪ್ಯಾರಾನೂ ಒಂದೇ ಅಳತೆ, ಓದಿದ್ರೆ ಏನೂ ತಲೆಗೆ ಹತ್ತಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಕ್ಕೆ ಇದನ್ನೂ ಸೇರಿಸಿದೆ, ಎಐ ಬರೀಲಿ ಮನುಷ್ಯ ಬರೀಲಿ, ಪಟ್ಟಿಯಲ್ಲಿ ಮೇಲೆ ಬರೋದಕ್ಕೇ ಅಂತ ರಾಶಿ ಪುಟ ಸುರಿದ್ರೆ ಅದು ಸ್ಪ್ಯಾಮೇ ಅಂತ.

ನಾನಾಗಿದ್ರೆ 500 ಪುಟ ತೆಗೆದು ಹಾಕ್ತಿದ್ದೆ. ಉಳಿದ ನೂರನ್ನ ಸರಿ ಮಾಡು. ನೀನೇ ಪರೀಕ್ಷೆ ಬರೆದವನು, ಹಳೇ ಪ್ರಶ್ನೆ ಪತ್ರಿಕೆ ಇಟ್ಕೊಂಡು ಒಂದೊಂದು ಪ್ರಶ್ನೆಗೂ ಯಾಕೆ ಬಿ ಸರಿ, ಯಾಕೆ ಸಿ ತಪ್ಪು ಅಂತ ಕನ್ನಡದಲ್ಲಿ ಬಿಡಿಸಿ ಬರೆದವರು ಎಷ್ಟು ಜನ ಇದಾರೆ ಹೇಳು. ಇಂಗ್ಲಿಷ್ ಪ್ರಶ್ನೆನ ಕನ್ನಡಕ್ಕೆ ತರೋವಾಗ ಅರ್ಥ ಕೆಟ್ಟಿರೋ ಪ್ರಶ್ನೆಗಳು ಬರ್ತಾವಲ್ಲ, ಅವುಗಳ ಬಗ್ಗೆ ಹುಡುಗರು ತಲೆ ಕೆಡಿಸ್ಕೊಂಡು ಹುಡುಕ್ತಿರ್ತಾರೆ, ಅದನ್ನ ಬರಿ. ಅರ್ಜಿ ಹಾಕೋ ದಿನಾಂಕದ ಪುಟ ಬೇಡ, ಅದರಲ್ಲಿ ದೊಡ್ಡ ಪೇಪರ್‌ಗಳ ಜೊತೆ ಗುದ್ದಾಡಿ ಗೆಲ್ಲೋಕಾಗಲ್ಲ.

ಪ್ರಶ್ನೆ: ನಮ್ಮದು ಉಲ್ಟಾ ಸಮಸ್ಯೆ. ಕ್ಲಿನಿಕ್ ಹಳೇ ಜಾಗದಲ್ಲಿದ್ದಾಗಿನ ಒಂದು ಪುಟ ಈಗ್ಲೂ ಗೂಗಲ್‌ನಲ್ಲಿ ಬರತ್ತೆ, ಪೇಶಂಟ್‌ಗಳು ಅಲ್ಲಿಗೆ ಹೋಗಿ ವಾಪಸ್ ಬರ್ತಾರೆ. ಆ ಪುಟಕ್ಕೆ ನೋಇಂಡೆಕ್ಸ್ ಹಾಕಿದೀವಿ, ರೋಬಾಟ್ಸ್ ಡಾಟ್ ಟೆಕ್ಸ್ಟ್ ಫೈಲಲ್ಲೂ ಬ್ಲಾಕ್ ಮಾಡಿದೀವಿ, ಆದ್ರೂ ಹೋಗ್ತಿಲ್ಲ. (ಮೈಸೂರು)

ಉತ್ತರ: ಎರಡೂ ಒಟ್ಟಿಗೆ ಹಾಕಿರೋದೇ ತೊಡಕಾಗಿದೆ ಡಾಕ್ಟ್ರೇ. ರೋಬಾಟ್ಸ್ ಫೈಲು 1994ರಿಂದ ಇರೋ ಪದ್ಧತಿ, ಈ ಪುಟದೊಳಗೆ ಬರ್ಬೇಡ ಅಂತ ಬಾಟ್‌ಗೆ ಹೇಳತ್ತೆ ಅಷ್ಟೆ, ಪಟ್ಟಿಯಿಂದ ತೆಗಿ ಅಂತ ಹೇಳಲ್ಲ. ಒಳಗೆ ಬರ್ಬೇಡ ಅಂದಿದ್ದಕ್ಕೆ ಅದು ಬರ್ಲಿಲ್ಲ, ಬರ್ದೆ ಇದ್ದಿದ್ದಕ್ಕೆ ಒಳಗೆ ಬರೆದಿರೋ ನೋಇಂಡೆಕ್ಸ್ ಓದ್ಲಿಲ್ಲ. ರೋಬಾಟ್ಸ್‌ನಲ್ಲಿ ಹಾಕಿರೋ ಬ್ಲಾಕ್ ತೆಗೀರಿ, ಬಾಟ್ ಮತ್ತೆ ಬಂದಾಗ ನೋಇಂಡೆಕ್ಸ್ ಓದಿ ಪುಟಾನ ಪಟ್ಟಿಯಿಂದ ತೆಗೆಯತ್ತೆ. ಇನ್ನೂ ಒಳ್ಳೇದು ಅಂದ್ರೆ ಹಳೇ ಪುಟಕ್ಕೆ 301 ರೀಡೈರೆಕ್ಟ್ ಹಾಕಿ ಹೊಸ ವಿಳಾಸದ ಪುಟಕ್ಕೆ ತಿರುಗಿಸಿ, ಆಗ ಯಾರೂ ದಾರಿ ತಪ್ಪಲ್ಲ, ನೋಇಂಡೆಕ್ಸ್ ಬೇಕಾಗೂ ಇಲ್ಲ. ಬಾಟ್ ಮತ್ತೆ ಬರೋವರೆಗೂ ತಡ್ಕೊಳ್ಳೋಕಾಗಲ್ಲ ಅಂದ್ರೆ ಸರ್ಚ್ ಕನ್ಸೋಲಲ್ಲಿ ರಿಮೂವಲ್ಸ್ ಇದೆ, ಸುಮಾರು ಆರು ತಿಂಗಳು ಮರೆ ಮಾಡತ್ತೆ. ಮ್ಯಾಪಲ್ಲೂ ವಿಳಾಸ ಬದಲಾಯ್ಸಿ, ಪೇಶಂಟ್‌ಗಳು ಹೋಗಿದ್ದು ಅದನ್ನ ನೋಡ್ಕೊಂಡೇ ಇರ್ಬೇಕು.

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಸೈಟ್ ನೋಡ್ಕೊಳ್ಳೋದು ನನ್ನ ಪಾಲಿಗೆ ಬಂದಿದೆ. ಯುಗಾದಿ ಕಾರ್ಯಕ್ರಮದ ಟಿಕೆಟ್ ಅಂತ ಹುಡುಕಿದ್ರೆ ಗೂಗಲ್‌ನಲ್ಲಿ ನಮ್ಮ ಕೂಟದ ವಿಳಾಸದ ಕೆಳಗೆ ಜಪಾನಿ ಭಾಷೇಲಿ ಏನೇನೋ ಬರ್ತಿದೆ. ಸೈಟ್ ತೆರೆದ್ರೆ ಮಾಮೂಲಿ ಥರಾನೇ ಇದೆ. ಗೂಗಲ್ ತಪ್ಪಾಗಿ ತೋರಿಸ್ತಿದ್ಯಾ? (ಡಲ್ಲಾಸ್)

ಉತ್ತರ: ಗೂಗಲ್ ಸರಿಯಾಗೇ ತೋರಿಸ್ತಿದೆ, ನಿಮ್ಮ ಸೈಟ್ ಹ್ಯಾಕ್ ಆಗಿದೆ. ಇದು ತುಂಬಾ ಜನಕ್ಕೆ ಆಗಿರೋ ಹ್ಯಾಕು, ಜಪಾನೀಸ್ ಕೀವರ್ಡ್ ಹ್ಯಾಕ್ ಅಂತಲೇ ಹೆಸರು. ನಿಮ್ಮ ಡೊಮೇನಿಗೆ ವರ್ಷಗಳಿಂದ ಒಳ್ಳೇ ಹೆಸರಿದೆ, ಅದರ ನೆರಳಲ್ಲಿ ನಕಲಿ ಬ್ರ್ಯಾಂಡ್ ಸಾಮಾನು ಮಾರೋ ಸಾವಿರಾರು ಪುಟ ತುರುಕಿರ್ತಾರೆ. ಜನ ಬಂದ್ರೆ ಯುಗಾದಿ ಪೋಸ್ಟರ್, ಗೂಗಲ್‌ಬಾಟ್ ಬಂದ್ರೆ ಜಪಾನಿ ಪುಟ, ಹಂಗೆ ಕೋಡ್ ಇಟ್ಟಿರ್ತಾರೆ. ಅದಕ್ಕೇ ನಿಮಗೆ ಕಾಣ್ತಿಲ್ಲ.

ಸರ್ಚ್ ಕನ್ಸೋಲಲ್ಲಿ ಆ ಪುಟದ ವಿಳಾಸ ಹಾಕಿ ಯುಆರ್‌ಎಲ್ ಇನ್‌ಸ್ಪೆಕ್ಷನ್ ಮಾಡಿ, ಗೂಗಲ್‌ಗೆ ಕಂಡಿದ್ದೇನು ಅಂತ ಅಲ್ಲೇ ಗೊತ್ತಾಗತ್ತೆ. ಆಮೇಲೆ ಬೇರೆಲ್ಲಕ್ಕಿಂತ ಮೊದಲು, ಅದೇ ಕನ್ಸೋಲ್‌ನ ಸೆಟ್ಟಿಂಗ್ಸ್ ಒಳಗೆ ಯೂಸರ್ಸ್ ಪಟ್ಟಿ ತೆರೀರಿ. ಹ್ಯಾಕ್ ಮಾಡಿದವರು ಅಲ್ಲಿ ತಮ್ಮನ್ನೇ ಓನರ್ ಅಂತ ಸೇರಿಸ್ಕೊಂಡಿರ್ತಾರೆ, ಗುರುತಿಲ್ಲದ ಜಿಮೇಲ್ ಇದ್ರೆ ತೆಗೆದು ಹಾಕಿ, ಅವರು ವೆರಿಫೈ ಮಾಡೋಕೆ ಸೈಟಲ್ಲಿಟ್ಟಿರೋ ಫೈಲನ್ನೂ ಹುಡುಕಿ ಅಳಿಸಿ, ಇಲ್ಲಾಂದ್ರೆ ಮತ್ತೆ ಓನರ್ ಆಗ್ತಾರೆ. ಹಳೇ ಸಮಿತಿಯ ಹತ್ತು ಜನರ ಹತ್ರ ಅಡ್ಮಿನ್ ಪಾಸ್‌ವರ್ಡ್ ಇರತ್ತೆ ಕೂಟಗಳಲ್ಲಿ, ಎಲ್ಲಾ ಬದಲಾಯ್ಸಿ, ಅಧ್ಯಕ್ಷರಿಗೆ ಬೇಜಾರಾದ್ರೂ ಪರ್ವಾಗಿಲ್ಲ. ಹ್ಯಾಕ್ ಆಗೋಕೆ ಮುಂಚಿನ ಬ್ಯಾಕಪ್ ಹೋಸ್ಟಿಂಗ್‌ನವರ ಹತ್ರ ಇದ್ಯಾ ಕೇಳಿ, ಇದ್ರೆ ಅದನ್ನೇ ವಾಪಸ್ ಹಾಕ್ಸಿ, ತಕ್ಷಣ ವರ್ಡ್‌ಪ್ರೆಸ್ಸು ಪ್ಲಗಿನ್ನು ಎಲ್ಲ ಅಪ್‌ಡೇಟ್ ಮಾಡಿ, ಯಾರೂ ಬಳಸದ ಹಳೇ ಗ್ಯಾಲರಿ ಪ್ಲಗಿನ್‌ಗಳನ್ನ ಕಿತ್ತಾಕಿ, ಕಳ್ಳ ಬಂದಿದ್ದು ಹೆಚ್ಚಾಗಿ ಅಂಥದ್ರಿಂದ್ಲೇ. ಸೈಟ್‌ಮ್ಯಾಪ್ ಕೂಡ ನೋಡಿ, ಅವರೇ ಇನ್ನೊಂದು ಸೈಟ್‌ಮ್ಯಾಪ್ ಕೊಟ್ಟಿರ್ತಾರೆ.

ಸ್ವಚ್ಛ ಆದ್ಮೇಲೆ ಕನ್ಸೋಲಲ್ಲಿ ಸೆಕ್ಯುರಿಟಿ ಇಶ್ಯೂಸ್ ಅಂತ ಎಚ್ಚರಿಕೆ ಬಂದಿದ್ರೆ ಅಲ್ಲಿಂದ್ಲೇ ರಿವ್ಯೂ ಕೇಳಿ, ಏನೇನು ಸರಿ ಮಾಡಿದ್ರಿ ಅಂತ ಬರೀರಿ. ಜಪಾನಿ ಪುಟಗಳು 404, ಅಂದ್ರೆ ಪುಟ ಇಲ್ಲ, ಅಂತ ಬರ್ತಾ ಬರ್ತಾ ಪಟ್ಟಿಯಿಂದ ತಾವೇ ಉದುರಿ ಹೋಗ್ತವೆ, ಆದ್ರೆ ಅದಕ್ಕೆ ವಾರಗಟ್ಲೆ ಹಿಡಿಯತ್ತೆ, ಯುಗಾದಿ ಅಷ್ಟೊತ್ತು ಕಾಯಲ್ಲ. ಈ ವರ್ಷದ ಟಿಕೆಟ್ ಲಿಂಕನ್ನ ಸದಸ್ಯರಿಗೆ ನೇರ ಇಮೇಲ್ ಮಾಡ್ಬಿಡಿ.